ತಂಗಿಯ ಮರುಮದುವೆ, ಅಪ್ಪಯ್ಯನ ತೋಟ, ಎರಡು ಮಕ್ಕಳು: ಮದುವೆಗೆ ಮೊದಲೇ ಏನೇನು ಬರೆದಿಡಬೇಕು?

ತೋಟದ ದಾರಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ತಂಗಿಗೆ ಮೂರು ವರ್ಷದ ಹಿಂದೆ ಡೈವೋರ್ಸ್ ಆಯಿತು. ಇಬ್ಬರೂ ಒಪ್ಪಿ ಬಿಟ್ಟದ್ದು. ಅವಳಿಗೆ ಒಂಬತ್ತು ವರ್ಷದ ಮಗಳು. ಆಗಿನಿಂದ ಇಬ್ಬರೂ ನಮ್ಮ ಮನೆಯಲ್ಲೇ ಇದ್ದಾರೆ. ತಂಗಿ ಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಾಳೆ. ಈಗ ಸಿದ್ದಾಪುರದ ಕಡೆಯ ಒಂದು ಸಂಬಂಧ ಕೂಡಿ ಬಂದಿದೆ. ಅವರ ಹೆಂಡತಿ ನಾಲ್ಕು ವರ್ಷದ ಹಿಂದೆ ಕಾಯಿಲೆಯಾಗಿ ತೀರಿಕೊಂಡರು. ಹದಿನಾಲ್ಕು ವರ್ಷದ ಮಗ ಇದ್ದಾನೆ, ವಯಸ್ಸಾದ ತಾಯಿ ಇದ್ದಾರೆ. ಅಡಿಕೆ ತೋಟ ಇದೆ. ಒಳ್ಳೆಯ ಮನುಷ್ಯ. ತಂಗಿಗೂ ಮನಸ್ಸಿದೆ. ಮಳೆಗಾಲ ಮುಗಿದು ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಗುವ ಮೊದಲು ಮದುವೆ ಅಂತ ಮಾತಾಗಿದೆ.

ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆವು. ಕವಳದ ತಟ್ಟೆ ಮುಂದಿಟ್ಟುಕೊಂಡು ಜಗುಲಿಯಲ್ಲಿ ಎರಡು ತಾಸು ಮಾತು. ಕೊಳೆ ರೋಗ, ಅಡಿಕೆ ರೇಟು, ಊಟಕ್ಕೆ ಎಷ್ಟು ಜನ, ಎಲ್ಲ ಆಯಿತು. ಆಸ್ತಿಯ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ನಾನು ಕೈ ತೊಳೆಯಲು ಹಿಂದೆ ಹೋದಾಗ ಅವರ ಮಗ, ಆ ಮಾಣಿ (ಹುಡುಗ), ಬಚ್ಚಲ ಬಾಗಿಲ ಹತ್ತಿರ ನಿಂತಿದ್ದ. ಮೆಲ್ಲಗೆ ಕೇಳಿದ: "ಮಾವ, ಆಯಿಯ ಟ್ರಂಕು ಮೆತ್ತಿನ ಮೇಲಿದೆ. ಅದನ್ನು ಇನ್ಮೇಲೆ ಯಾರು ತೆಗೀತಾರೆ?"

ಆಯಿ ಅಂದರೆ ಅಮ್ಮ, ತೀರಿಕೊಂಡ ಅವನ ತಾಯಿ. ನನಗೆ ಉತ್ತರ ಬರಲಿಲ್ಲ. "ನೋಡೋಣ ಮಾಣಿ" ಅಂದೆ. ಅವನು ತಲೆ ಆಡಿಸಿ ಕೊಟ್ಟಿಗೆ ಕಡೆ ಹೋದ. ಮನೆಗೆ ಬಂದ ಮೇಲೂ ಆ ಮುಖ ಮರೆಯಲು ಆಗುತ್ತಿಲ್ಲ.

ಇತ್ತ ನಮ್ಮ ಮನೆಯಲ್ಲೂ ಒಂದು ಗಂಟು ಇದೆ. ಅಪ್ಪಯ್ಯನಿಗೆ 72. ತೋಟ ಅವರಿಗೆ 1982ರಲ್ಲಿ ಅಣ್ಣತಮ್ಮಂದಿರ ಹಿಸ್ಸೆಯಲ್ಲಿ (ಪಾಲಿನಲ್ಲಿ) ಬಂದದ್ದು. ಎಲ್ಲವನ್ನೂ ನನ್ನ ಹೆಸರಿಗೆ ವಿಲ್ ಮಾಡುತ್ತೇನೆ ಅನ್ನುತ್ತಾರೆ. "ಅವಳಿಗೆ ಒಮ್ಮೆ ಧಾರೆ ಎರೆದು ಕೊಟ್ಟಾಯ್ತು, ಈಗ ಇನ್ನೊಮ್ಮೆ ಕೊಡ್ತಿದ್ದೇವೆ" ಅಂತ ನೆಂಟರೂ ಕಿವಿ ಊದುತ್ತಾರೆ. ನನಗೆ ಅದು ಬೇಡ. ತಂಗಿಗೆ, ಸೊಸೆಗೆ (ತಂಗಿಯ ಮಗಳಿಗೆ), ಆ ಮಾಣಿಗೆ, ಯಾರಿಗೂ ಅನ್ಯಾಯ ಆಗಬಾರದು. ಯಾವ ಕಾಗದ ಮೊದಲು ಮಾಡಬೇಕು? ತಿಳಿದವರು ಹೇಳಿ.

ಅಘನಾಶಿನಿ ದಂಡೆ, ಕುಮಟಾ

ತಮ್ಮಾ, ನಾನು ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ದೊಡ್ಡ ಕಾಗದಕ್ಕೆ ವಕೀಲರು ಸಿಗುತ್ತಾರೆ. ನಾನು ಸಣ್ಣ ಕಾಗದದ ವಿಷಯ ಹೇಳುತ್ತೇನೆ.

ತಂಗಿಯ ಪಾಸ್‌ಬುಕ್, ಎಫ್‌ಡಿ, ಎಲ್‌ಐಸಿ, ಪಿಎಫ್, ಸೊಸೈಟಿಯ ಶೇರು, ಎಲ್ಲವನ್ನೂ ಒಂದು ದಿನ ಮೇಜಿನ ಮೇಲೆ ಹರವಿ. ನಾಮಿನಿ ಜಾಗದಲ್ಲಿ ಯಾರ ಹೆಸರಿದೆ ನೋಡಿ. ಮೊದಲ ಮದುವೆಯಾದ ಹೊಸದರಲ್ಲಿ ಗಂಡನ ಹೆಸರು ಬರೆಸಿರುತ್ತಾರೆ. ಡೈವೋರ್ಸ್ ಆದ ಕೂಡಲೇ ಆ ಹೆಸರು ತಾನಾಗಿ ಅಳಿಸಿ ಹೋಗುವುದಿಲ್ಲ. ನೀವೇ ಫಾರ್ಮ್ ತುಂಬಿ ಬದಲಿಸಬೇಕು. ಇದನ್ನು ಮರೆತ ಎಷ್ಟೋ ಮನೆಯವರು ನನ್ನ ಮುಂದೆ ಬಂದು ಕೂತು ಅತ್ತಿದ್ದಾರೆ.

ಇನ್ನೊಂದು. ನಾಮಿನಿ ಅಂದರೆ ಮಾಲೀಕ ಅಲ್ಲ. ಬ್ಯಾಂಕು ಅವನ ಕೈಗೆ ದುಡ್ಡು ಕೊಡುತ್ತದೆ ಅಷ್ಟೆ. ಅದು ಯಾರಿಗೆ ಸೇರಬೇಕು ಅನ್ನುವುದು ವಿಲ್ ಇದ್ದರೆ ವಿಲ್ ಪ್ರಕಾರ, ಇಲ್ಲದಿದ್ದರೆ ವಾರಸುದಾರಿಕೆ ಕಾನೂನಿನ ಪ್ರಕಾರ. ಆದ್ದರಿಂದ ನಾಮಿನಿಯೂ ವಿಲ್ಲೂ ಒಂದೇ ಮಾತು ಹೇಳಬೇಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಅಂತಲೂ ಬರೆಯಬಹುದು. ಸೊಸೆ ಚಿಕ್ಕವಳು. ಅವಳ ಹೆಸರು ಬರೆಸಿದರೆ ಅವಳ ಪರವಾಗಿ ದುಡ್ಡು ತೆಗೆದುಕೊಳ್ಳುವ ದೊಡ್ಡವರೊಬ್ಬರ ಹೆಸರೂ ಬೇಕು. ಅದು ಯಾರು ಅಂತ ತಂಗಿಯನ್ನೇ ಕೇಳಿ.

ಅಂಕೋಲೆಯ ಹಿರಿಯ

ಮಗಾ, ನಿನ್ನ ಕಾಳಜಿ ಒಪ್ಪಿದೆ. ಆದರೆ ಹೊಸದಾಗಿ ಸಂಬಂಧ ಕುದುರುತ್ತಿದೆ. ಧಾರೆಗೆ ಮೊದಲೇ ಯಾರು ಸತ್ತರೆ ಯಾರಿಗೆ ಏನು ಅಂತ ಮಾತು ತೆಗೆದರೆ ಆ ಮನೆಯವರಿಗೆ ಹೇಗನಿಸಬೇಡ? ದುಡ್ಡಿನ ಮೇಲೆ ಕಣ್ಣು ಅಂತ ತಿಳಿಯುತ್ತಾರೆ. ಎರಡು ವರ್ಷ ಸಂಸಾರ ಮಾಡಲಿ. ಒಬ್ಬರಿಗೊಬ್ಬರು ಒಗ್ಗಿದ ಮೇಲೆ ಕೂತು ಮಾತಾಡಿ.

ಶರಾವತಿ ಸೆರಗು, ಹೊನ್ನಾವರ

ಹಿರಿಯರ ಮಾತು ಮೀರುತ್ತಿದ್ದೇನೆ ಅಂತ ತಿಳಿಯಬೇಡಿ. ನಾನು ಎರಡನೇ ಹೆಂಡತಿ. ನನ್ನ ಮದುವೆಯಲ್ಲೂ ಎಲ್ಲರೂ ಹೀಗೇ ಅಂದಿದ್ದರು. ಆಮೇಲೆ ಮಾತಾಡೋಣ ಅಂತ. ಆ ಆಮೇಲೆ ಬರಲೇ ಇಲ್ಲ.

ನಮ್ಮವರಿಗೆ ಮೊದಲ ಹೆಂಡತಿಯಿಂದ ಡೈವೋರ್ಸ್ ಆಗಿತ್ತು. ಎರಡು ಮಕ್ಕಳು ತಾಯಿಯ ಜೊತೆ ಬೆಳೆದರು. ನನಗೆ ಮಕ್ಕಳಾಗಲಿಲ್ಲ. ರಜೆಗೆ ಬಂದಾಗ ನನ್ನನ್ನು ಚಿಕ್ಕಿ ಅಂತ ಕರೆಯುತ್ತಿದ್ದರು, ಚೆನ್ನಾಗಿಯೇ ಇದ್ದೆವು. ಹತ್ತು ವರ್ಷದ ಹಿಂದೆ ಇವರು ಒಂದು ಬೆಳಗ್ಗೆ ತೆಂಗಿನ ತೋಟದಲ್ಲಿ ಕುಸಿದು ಬಿದ್ದವರು ಏಳಲಿಲ್ಲ. ವಿಲ್ ಇರಲಿಲ್ಲ. ಹದಿಮೂರನೇ ದಿನ ದೊಡ್ಡವನು ಅಂಗಳದ ಮೆಟ್ಟಿಲ ಮೇಲೇ ಕೂತಿದ್ದ. ಊಟಕ್ಕೆ ಒಳಗೆ ಬರಲಿಲ್ಲ. ಬಾಳೆ ಎಲೆ ಹಾಕಿ ಬಡಿಸಿ ಕಾದೆ. ಅನ್ನ ಆರಿತು. ಹೊರಗೆ ಹೋಗಿ ಕರೆದೆ. "ಅಪ್ಪ ನಮಗೆ ಏನಾದ್ರೂ ಹೇಳಿದ್ರಾ ಚಿಕ್ಕಿ? ಅಥವಾ ನೀವೇ ಹೇಳಬೇಡಿ ಅಂದ್ರಾ?" ಅಂತ ಕೇಳಿದ. ನಾನು ಏನು ಹೇಳಲಿ? ನನಗೂ ಅವರು ಏನೂ ಹೇಳಿರಲಿಲ್ಲ.

ಕಾನೂನಿನಲ್ಲಿ ಕಷ್ಟ ಏನೂ ಇರಲಿಲ್ಲ. ನಾನು, ಇಬ್ಬರು ಮಕ್ಕಳು, ಮೂರು ಸಮ ಪಾಲು. ಅತ್ತೆ ಮೊದಲೇ ಹೋಗಿದ್ದರು. ಮೊದಲ ಹೆಂಡತಿಗೆ ಡೈವೋರ್ಸ್ ಆದ್ದರಿಂದ ಪಾಲಿಲ್ಲ, ಆದರೆ ಅವರ ಮಕ್ಕಳ ಹಕ್ಕು ಒಂದು ಕೂದಲಷ್ಟೂ ಕಡಿಮೆ ಆಗುವುದಿಲ್ಲ. ಇಷ್ಟು ಸರಳ. ಆದರೂ ಪಹಣಿಯಲ್ಲಿ ಮೂವರ ಹೆಸರು ಬರಲು ಆರು ವರ್ಷ ಹಿಡಿಯಿತು. ಮನಸ್ಸು ಮುರಿದಿತ್ತು, ಯಾರೂ ಸಹಿ ಹಾಕಲು ಬರುತ್ತಿರಲಿಲ್ಲ. ಅಷ್ಟು ದಿನ ತೋಟದ ಮೇಲೆ ಸಾಲ ಸಿಗಲಿಲ್ಲ. ಹಂಚು ಹೊದೆಸಲು ಬಳೆ ಅಡ ಇಟ್ಟೆ.

ದುಡ್ಡಿನ ಮೇಲೆ ಕಣ್ಣು ಅಂತ ತಿಳಿದರೂ ಪರವಾಗಿಲ್ಲ, ತಮ್ಮಾ. ಧಾರೆಗೆ ಮೊದಲೇ ಮಾತಾಡಿ. ಮಕ್ಕಳನ್ನು ಕೂರಿಸಿಕೊಂಡು ಮಾತಾಡಿ. ಆ ಮಾಣಿ ಆಗಲೇ ಮಾತು ಶುರು ಮಾಡಿದ್ದಾನೆ. ಅವನಿಗೆ ಉತ್ತರ ಕೊಡಿ.

ಕಾರವಾರದ ವಕೀಲೆ

ಹೊನ್ನಾವರದ ಅಕ್ಕನ ಮಾತಿಗೆ ನನ್ನ ಕೈ ಮುಗಿಯುತ್ತೇನೆ. ಕಾನೂನಿನ ವಿಷಯ ನಾನು ಹೇಳುತ್ತೇನೆ.

ಮೊದಲು ಆ ಮಾಣಿಯ ಟ್ರಂಕು. ಅದರಲ್ಲಿ ಅವನ ತಾಯಿಯ ಒಡವೆ ಇದ್ದರೆ ಅದು ಅವರ ಸ್ವಂತ ಆಸ್ತಿ. ಹಿಂದೂ ವಾರಸಾ ಕಾಯ್ದೆ 1956ರ ಪ್ರಕಾರ ಹೆಂಗಸು ವಿಲ್ ಇಲ್ಲದೆ ತೀರಿಕೊಂಡರೆ ಅವಳ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ ಸಮನಾಗಿ ಹೋಗುತ್ತದೆ. ಇಲ್ಲಿ ಒಬ್ಬನೇ ಮಗ. ಅಂದರೆ ಅರ್ಧ ಆ ಹುಡುಗನದ್ದು, ನಾಲ್ಕು ವರ್ಷದಿಂದ ಅವನದ್ದೇ. ಇದನ್ನು ಅವನಿಗೆ ಯಾರೂ ಹೇಳಿಲ್ಲ. ಅವನ ಪಾಲನ್ನು ತಂದೆ ಜೋಪಾನ ಮಾಡಬೇಕು, ಖರ್ಚು ಮಾಡುವ ಹಾಗಿಲ್ಲ. ಮದುವೆಗೆ ಮೊದಲೇ ತೂಕ ಮಾಡಿಸಿ ಪಟ್ಟಿ ಬರೆದಿಡಿ. ನಿಮ್ಮ ತಂಗಿಗೂ ಇದು ಒಳ್ಳೆಯದು. ನಾಳೆ ಯಾರೂ ಅವಳ ಕಡೆ ಬೆರಳು ತೋರಿಸುವ ಹಾಗಿಲ್ಲ.

ಎರಡನೆಯದು ನಿಮ್ಮ ತೋಟ. ಹಿಸ್ಸೆಯಲ್ಲಿ ಬಂದ ಹಿರಿಯರ ಆಸ್ತಿ ಅಂದಮೇಲೆ ಅದರಲ್ಲಿ ನಿಮಗೆ ಹುಟ್ಟಿನಿಂದ ಎಷ್ಟು ಹಕ್ಕೋ ತಂಗಿಗೂ ಅಷ್ಟೇ. 2005ರ ತಿದ್ದುಪಡಿ ಹೇಳಿದ್ದು ಅದನ್ನೇ, 2020ರಲ್ಲಿ ಸುಪ್ರೀಂ ಕೋರ್ಟು ಗಟ್ಟಿ ಮಾಡಿದ್ದೂ ಅದನ್ನೇ. ಮದುವೆ ಆದರೂ, ಡೈವೋರ್ಸ್ ಆದರೂ, ಮತ್ತೆ ಮದುವೆ ಆದರೂ ಅದು ಹೋಗುವುದಿಲ್ಲ. ಅಪ್ಪಯ್ಯ ತಮ್ಮ ಪಾಲಿಗೆ ವಿಲ್ ಬರೆಯಬಹುದು, ಇಡೀ ತೋಟಕ್ಕೆ ಬರೆಯಲು ಬರುವುದಿಲ್ಲ. ತಂಗಿ ಮೊದಲ ಮದುವೆ ಆಗುವಾಗ ಹಕ್ಕು ಬಿಡುಗಡೆ ಪತ್ರಕ್ಕೆ ಏನಾದರೂ ಸಹಿ ಹಾಕಿದ್ದಾಳಾ? ಅದು ನೋಂದಣಿ ಆಗಿದೆಯಾ? ಮೊದಲು ಅದನ್ನು ಹುಡುಕಿ.

ಮೂರನೆಯದು ಜನ ತುಂಬ ತಪ್ಪು ತಿಳಿಯುವ ವಿಷಯ. ಮಲತಂದೆಯ ಆಸ್ತಿಯಲ್ಲಿ ಮಲಮಗಳಿಗೆ ಪಾಲಿಲ್ಲ. ನಿಮ್ಮ ಸೊಸೆ ಆ ಮನೆಯಲ್ಲೇ ಬೆಳೆದರೂ, ಅಪ್ಪಾ ಅಂತಲೇ ಕರೆದರೂ, ವಿಲ್ ಇಲ್ಲದಿದ್ದರೆ ಏನೂ ಬರುವುದಿಲ್ಲ. ಆ ಮನುಷ್ಯರು ವಿಲ್ ಇಲ್ಲದೆ ಹೋದರೆ ಅವರ ಪಾಲು ಅವರ ತಾಯಿ, ಮಗ, ನಿಮ್ಮ ತಂಗಿ, ಮೂವರಿಗೆ ಸಮ. ಹೆತ್ತ ತಂದೆಯ ಕಡೆ ಸೊಸೆಗೆ ಇರುವ ಹಕ್ಕು ಮಾತ್ರ ಹಾಗೇ ಉಳಿಯುತ್ತದೆ. ತಾಯಿ ಮರುಮದುವೆ ಆದಳು ಅಂತ ಮಗುವಿನ ಜೀವನಾಂಶವನ್ನು ಅವರು ನಿಲ್ಲಿಸುವ ಹಾಗಿಲ್ಲ. ನಿಂತು ಹೋಗಬಹುದಾದ್ದು ತಂಗಿಗೆ ಬರುತ್ತಿದ್ದರೆ ಅವಳ ಜೀವನಾಂಶ ಮಾತ್ರ.

ಕೊನೆಯದು, ತಂಗಿಯೂ ವಿಲ್ ಬರೆಯಬೇಕು. ಹೆಂಗಸರ ವಿಲ್ ಬಗ್ಗೆ ನಮ್ಮಲ್ಲಿ ಯಾರೂ ಯೋಚಿಸುವುದೇ ಇಲ್ಲ. ಮದುವೆಯಾದ ಮೇಲೆ ಅವಳಿಗೇ ಏನಾದರೂ ಆದರೆ ತವರಿನ ತೋಟದ ಅವಳ ಪಾಲಿನಲ್ಲಿ ಅರ್ಧ ಮಗಳಿಗೆ, ಅರ್ಧ ಹೊಸ ಗಂಡನಿಗೆ. ಅವರಿಂದ ಮುಂದೆ ಅದು ಅವರ ಮಗನಿಗೆ. ಅದು ಅವಳ ಇಷ್ಟವೇ ಆಗಿದ್ದರೆ ತೊಂದರೆ ಇಲ್ಲ. ಆದರೆ ಅವಳಿಗೆ ಗೊತ್ತಿದ್ದು ಆಗಲಿ.

ಯಲ್ಲಾಪುರ ಮಾಣಿ

ಮೇಡಂ, ಹಾಗಾದರೆ ಹೊಸ ಅಪ್ಪ ಆ ಮಗುವನ್ನು ದತ್ತು ತಗೊಂಡ್ರೆ ಎಲ್ಲ ಸರಿ ಹೋಗಲ್ವಾ?

ಕಾರವಾರದ ವಕೀಲೆ

ದಾರಿ ಇದೆ, ಆದರೆ ಅವಸರ ಬೇಡ. ಹೆತ್ತ ತಂದೆ ಬದುಕಿದ್ದಾರೆ, ಅವರ ಒಪ್ಪಿಗೆ ಬೇಕೇ ಬೇಕು. ಮಗುವಿಗೆ 15 ವರ್ಷ ತುಂಬಿರಬಾರದು. ಗಂಡಸು ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳಲು ಇಬ್ಬರ ನಡುವೆ 21 ವರ್ಷದ ಅಂತರ ಇರಬೇಕು. ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದ್ದು, ದತ್ತು ಆದ ದಿನದಿಂದ ಮಗು ಹೆತ್ತ ತಂದೆಯ ಮನೆಗೆ ಹೊರಗಿನವಳು. ಮೊದಲೇ ಅವಳ ಹೆಸರಿಗೆ ಬಂದ ಆಸ್ತಿ ಉಳಿಯುತ್ತದೆ, ಮುಂದೆ ಬರುವ ಹಕ್ಕು ಹೋಗುತ್ತದೆ.

ತೋಟದ ದಾರಿ, ಶಿರಸಿ

ಇದನ್ನು ಓದಿ ತಂಗಿಯ ಹತ್ತಿರ ಮಾತಾಡಿದೆ. ದತ್ತು ಬೇಡ ಅಂದಳು. ಸೊಸೆಯ ಅಪ್ಪ ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ಮಾರಿಜಾತ್ರೆಗೆ ಬಂದು ತೊಟ್ಟಿಲು ಹತ್ತಿಸಿ, ಬಳೆ ಕೊಡಿಸಿ, ಹೆಗಲ ಮೇಲೆ ಹೊತ್ತು ತಂದು ಬಿಟ್ಟರು. ಗಂಡ ಹೆಂಡತಿಗೆ ಹೊಂದಲಿಲ್ಲ ನಿಜ. ಅಪ್ಪ ಮಗಳು ಚೆನ್ನಾಗಿದ್ದಾರೆ. ಅದನ್ನು ಕಾಗದದಿಂದ ಕತ್ತರಿಸುವುದು ಯಾಕೆ?

ಬಿಡುಗಡೆ ಪತ್ರ ಯಾವುದೂ ಇಲ್ಲ. ಆಗ ಯಾರೂ ಕೇಳಿರಲಿಲ್ಲ.

ಇನ್ನೊಂದು ಪ್ರಶ್ನೆ. ಆಗಲಿರುವ ಭಾವ ಫೋನ್ ಮಾಡಿದ್ದರು. ನಾನೇ ಧೈರ್ಯ ಮಾಡಿ ವಿಷಯ ತೆಗೆದೆ. ಅವರಿಗೆ ಬೇಸರ ಆಗಲಿಲ್ಲ. "ನನಗೂ ರಾತ್ರಿ ನಿದ್ದೆ ಬರ್ತಿಲ್ಲ, ಹೇಗೆ ಕೇಳೋದು ಅಂತ ಸುಮ್ನಿದ್ದೆ" ಅಂದರು. ನನ್ನ ನಂತರ ಇವಳು ಇರುವಷ್ಟು ದಿನ ಮನೆ, ತೋಟ ಅನುಭವಿಸಲಿ, ಆಮೇಲೆ ಮಗನಿಗೆ ಹೋಗಲಿ ಅಂತ ವಿಲ್ ಬರೆಯುತ್ತಾರಂತೆ. ಅದು ಆಗುತ್ತದಾ?

ಕಾರವಾರದ ವಕೀಲೆ

ಬರೆಯಬಹುದು. ಆದರೆ ಇಲ್ಲೊಂದು ಕಷ್ಟ ಇದೆ. ಹೆಂಡತಿಗೆ ಗಂಡನಿಂದ ಜೀವನಾಂಶ ಪಡೆಯುವ ಹಕ್ಕು ಮೊದಲೇ ಇರುತ್ತದೆ. ಆ ಹಕ್ಕಿಗೆ ಬದಲಾಗಿ ಆಸ್ತಿ ಕೊಟ್ಟರೆ, ಬದುಕಿರುವ ತನಕ ಮಾತ್ರ ಅಂತ ಬರೆದಿದ್ದರೂ ಅದು ಅವಳ ಪೂರ್ತಿ ಸ್ವಂತ ಆಸ್ತಿ ಆಗಿಬಿಡುತ್ತದೆ. 1977ರ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದು. ವಿಧವೆಯರನ್ನು ಕಾಪಾಡಿದ ದೊಡ್ಡ ತೀರ್ಪು. ಆದರೆ ಎರಡು ಸಂಸಾರದ ಮಕ್ಕಳಿರುವ ಮನೆಯಲ್ಲಿ ಅರೆಬರೆ ಬರೆದ ವಿಲ್ ಇದ್ದರೆ ಇದರ ಮೇಲೇ ಇಪ್ಪತ್ತು ವರ್ಷ ದಾವೆ ನಡೆಯುತ್ತದೆ.

ನಾನು ಸಾಮಾನ್ಯವಾಗಿ ಹೇಳುವುದು ಹೀಗೆ. ಹೆಂಡತಿಗೆ ಒಂದಿಷ್ಟನ್ನು ಪೂರ್ತಿಯಾಗಿ ಕೊಟ್ಟುಬಿಡಿ, ಠೇವಣಿಯೋ ತೋಟದ ಒಂದು ತುಂಡೋ. ಅದು ಅವಳದ್ದು, ಮಗಳಿಗೆ ಕೊಡುತ್ತಾಳೋ ಮಾರುತ್ತಾಳೋ ಅವಳ ಇಷ್ಟ. ಉಳಿದದ್ದನ್ನು ಮಗನಿಗೆ ಬರೆಯಿರಿ. ಅವಳು ಇರುವಷ್ಟು ದಿನ ಮನೆಯಲ್ಲಿ ವಾಸಕ್ಕೆ ಹಕ್ಕಿದೆ ಅಂತ ಬೇರೆಯಾಗಿ ಸ್ಪಷ್ಟ ಬರೆಯಿರಿ. ಇದನ್ನು ವಕೀಲರ ಹತ್ತಿರ ಕೂತೇ ಮಾಡಿ. ತೋಟ ಅವರ ಕೈಗೆ ಹೇಗೆ ಬಂತು ಅನ್ನುವುದಕ್ಕೆ ಹಳೆಯ ಹಿಸ್ಸೆಪತ್ರ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ಎಲ್ಲ ತೆಗೆಸಿ. ಅದರಲ್ಲಿ ಮಗನಿಗೆ ಹುಟ್ಟಿನ ಹಕ್ಕಿದ್ದರೆ ಅದನ್ನು ತಂದೆಯೂ ಬೇರೆಯವರಿಗೆ ಬರೆಯಲು ಬರುವುದಿಲ್ಲ. ಕಾಗದ ನೋಡದೆ ಯಾರಿಗೆ ಎಷ್ಟು ಅಂತ ಇಲ್ಲಿ ಲೆಕ್ಕ ಹೇಳಲಾರೆ.

ವಿಲ್‌ಗೆ ಸ್ಟಾಂಪ್ ಡ್ಯೂಟಿ ಇಲ್ಲ. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿ ಬೇಕೇ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕುವುದು ಬೇಡ. ಬರೆಯುವವರಿಗಿಂತ ಸಣ್ಣ ವಯಸ್ಸಿನ ಸಾಕ್ಷಿಗಳನ್ನು ಹುಡುಕಿ. ಮುಂದೆ ಕೋರ್ಟಿಗೆ ಬಂದು ಹೇಳಲು ಅವರು ಬದುಕಿರಬೇಕಲ್ವಾ?

ಸದಾಶಿವಗಡದಿಂದ

ಒಂದು ಮಾತು ಸೇರಿಸುತ್ತೇನೆ. ನಾವು ಕ್ರಿಶ್ಚಿಯನ್ನರು. ನಮ್ಮಲ್ಲಿ ಮದುವೆ ಆದ ಕೂಡಲೇ ಮೊದಲು ಬರೆದ ವಿಲ್ ರದ್ದಾಗುತ್ತದೆ. ನನ್ನ ಚಿಕ್ಕಪ್ಪ ಮರುಮದುವೆ ಆದ ಮೇಲೆ ಮತ್ತೆ ಬರೆಯಲಿಲ್ಲ, ಮಕ್ಕಳು ಹಳೆಯ ವಿಲ್ ಹಿಡಿದುಕೊಂಡು ಓಡಾಡಿದರು, ನಡೆಯಲಿಲ್ಲ. ಹಿಂದೂಗಳಿಗೆ ಹಾಗಲ್ಲ ಅಂತ ಕೇಳಿದ್ದೆ, ಹೌದಾ ಮೇಡಂ?

ಕಾರವಾರದ ವಕೀಲೆ

ಹೌದು. ಹಿಂದೂ ಬರೆದ ವಿಲ್ ಮದುವೆಯಿಂದ ಬೀಳುವುದಿಲ್ಲ. ಆದ್ದರಿಂದ ಅಲ್ಲಿ ಅಪಾಯ ಉಲ್ಟಾ. ಇಪ್ಪತ್ತು ವರ್ಷದ ಹಿಂದೆ ಬರೆದು ಮರೆತ ಕಾಗದ ಈಗಲೂ ಜೀವಂತ ಇರುತ್ತದೆ. ಹೊಸದರಲ್ಲಿ "ಹಿಂದಿನ ಎಲ್ಲ ವಿಲ್‌ಗಳನ್ನು ರದ್ದು ಮಾಡಿದ್ದೇನೆ" ಅಂತ ಒಂದು ಸಾಲು ಇರಲೇಬೇಕು.

ಅಂಕೋಲೆಯ ಹಿರಿಯ

ಹೊನ್ನಾವರದ ತಂಗಿಯ ಮಾತು ಓದಿ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮೊದಲೇ ಮಾತಾಡು ಮಗಾ.

ಆದರೆ ಅಪ್ಪಯ್ಯನಿಗೆ ಒಂದು ಹೇಳು. ಬದುಕಿರುವಾಗಲೇ ದಾನಪತ್ರ ಮಾಡಿ ಎಲ್ಲ ಕೊಟ್ಟು ಬರಿಗೈ ಆಗುವುದು ಬೇಡ. ವಿಲ್ ಸಾಕು. ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಕೊಡಲೇಬೇಕು ಅಂದರೆ "ನಮ್ಮಿಬ್ಬರನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಆ ಷರತ್ತು ಮುರಿದರೆ ದಾನ ರದ್ದು ಮಾಡಿಸಲು ಅವಕಾಶ ಇದೆ. ಇನ್ನೊಂದು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಮಾಲ್ಕಿ (ಸ್ವಂತ ಜಾಗ) ಅಲ್ಲ, ತೋಟದ ಜೊತೆ ಬಂದ ಸವಲತ್ತು. ಅತಿಕ್ರಮಣದ ಜಾಗವೂ ನಿಮ್ಮದಲ್ಲ. ಇವನ್ನೆಲ್ಲ ಸ್ವಂತದ್ದು ಅಂತ ವಿಲ್‌ನಲ್ಲಿ ಹಂಚಿ ಜಗಳ ಹಚ್ಚಬೇಡಿ. ಸರ್ವೆ ನಂಬರು, ಹಿಸ್ಸಾ ನಂಬರು ಪಹಣಿ ನೋಡಿಯೇ ಬರೆಯಿರಿ.

ತೋಟದ ದಾರಿ, ಶಿರಸಿ

ಎರಡು ತಿಂಗಳು ಇಲ್ಲಿ ಬರಲಾಗಲಿಲ್ಲ, ಕ್ಷಮಿಸಿ. ಏನಾಯಿತು ಅಂತ ಹೇಳುವುದು ನನ್ನ ಕರ್ತವ್ಯ.

ಮೊದಲು ಅಪ್ಪಯ್ಯನ ಹತ್ತಿರ ಮಾತಾಡಿದೆ. ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಅಡಿಕೆ ಕೊನೆಗೆ ಕೊಟ್ಟೆ (ಮಳೆಯ ಹೊದಿಕೆ) ಕಟ್ಟುವವನ ಹತ್ತಿರ ಲೆಕ್ಕ ಮಾಡುತ್ತಾ ಕೂತವರು, ಇದ್ದಕ್ಕಿದ್ದ ಹಾಗೆ "ಕೆಳಗಿನ ಬಣ್ಣ ಅವಳಿಗಿರಲಿ, ಅಲ್ಲಿ ನೀರು ಚೆನ್ನಾಗಿದೆ" ಅಂದರು. ಬಣ್ಣ ಅಂದರೆ ತೋಟದ ಒಂದು ತುಂಡು. ಅಷ್ಟೆ. ಆಯಿ ಒಳಗಿನಿಂದ ಕೇಳಿಸಿಕೊಂಡು ಕಣ್ಣೊರೆಸಿಕೊಂಡರು. ಈಗ ನಾನು, ತಂಗಿ, ಅಪ್ಪಯ್ಯ ಸೇರಿ ಹಿಸ್ಸೆಪತ್ರವನ್ನೇ ಮಾಡುತ್ತಿದ್ದೇವೆ. ಅಪ್ಪಯ್ಯ ತಮ್ಮ ಪಾಲಿಗೆ ವಿಲ್ ಬರೆದು, ಆಯಿಗೆ ಮೊದಲು ಇಟ್ಟಿದ್ದಾರೆ.

ಸಿದ್ದಾಪುರದ ಮನೆಯಲ್ಲಿ ಎಲ್ಲರೂ ಕೂತೆವು. ಮಾಣಿಯ ಸೋದರಮಾವನನ್ನೂ ಕರೆಸಿದ್ದರು. ಮೆತ್ತಿನಿಂದ ಟ್ರಂಕು ಇಳಿಸಿದೆವು. ಧಾರೆ ಸೀರೆ, ಅವಲಕ್ಕಿ ಸರ, ನಾಲ್ಕು ಬಳೆ, ಒಂದು ಮೂಗುತಿ. ಅಡಿಯಲ್ಲಿ ಒಂದು ಹಾಡಿನ ಪಟ್ಟಿ (ನೋಟ್‌ಪುಸ್ತಕ), ಕೈಬರಹದ್ದು, ಅಂಚಿಗೆ ಅರಿಶಿನದ ಕಲೆ. ಅಕ್ಕಸಾಲಿಗರು ತೂಕ ಮಾಡಿ ಹೇಳಿದ ಹಾಗೆ ನಾನು ಗ್ರಾಮಿನ ಲೆಕ್ಕದಲ್ಲಿ ಬರೆದೆ. ಭಾವ ತಮ್ಮ ಅರ್ಧವೂ ಮಗನಿಗೇ ಅಂದು ಕೆಳಗೆ ಸಹಿ ಹಾಕಿದರು. ಒಡವೆ ಲೆಕ್ಕದ ಒಂದು ಪ್ರತಿ ಸೋದರಮಾವನ ಹತ್ತಿರ ಇದೆ. ಚಿನ್ನ ಲಾಕರಿಗೆ ಹೋಯಿತು. ಮಾಣಿ ಹಾಡಿನ ಪಟ್ಟಿ ಮಾತ್ರ ಕೇಳಿ ತೆಗೆದುಕೊಂಡ. ಟ್ರಂಕಿನ ಕೀಲಿ ಅವನ ಜನಿವಾರದಲ್ಲಿದೆ.

ತಂಗಿ ಅಷ್ಟು ಹೊತ್ತೂ ಒಂದು ಮಾತೂ ಆಡದೆ ಕೂತಿದ್ದಳು. ಹೊರಡುವಾಗ ಅವನೇ ಬಂದು ಕೇಳಿದ: "ನಿಮಗೆ ಹಾಡು ಬರುತ್ತದಾ? ಇದರಲ್ಲಿ ಕೆಲವು ನನಗೆ ಓದಲಾಗುವುದಿಲ್ಲ." ನಾಲ್ಕು ಸಾಲು ಓದಿಕೊಟ್ಟಳು.

ಭಾವನ ವಿಲ್ ವಕೀಲರ ಹತ್ತಿರ ತಯಾರಾಗುತ್ತಿದೆ, ಮೇಡಂ ಹೇಳಿದ ದಾರಿಯಲ್ಲೇ. ಸೊಸೆಯ ಓದಿಗೆ ಅಂತ ಒಂದು ಠೇವಣಿಯನ್ನು ಅವರಾಗಿಯೇ ಸೇರಿಸಿದ್ದಾರೆ, ನಾವು ಕೇಳಿರಲಿಲ್ಲ. ತಂಗಿಯ ಎಲ್‌ಐಸಿಯಲ್ಲಿ ಹಳೆಯ ಹೆಸರೇ ಇತ್ತು, ಬದಲಿಸಿದ್ದಾಯಿತು. ಪಿಎಫ್ ಮದುವೆ ಆದ ಮೇಲೆ ಹೊಸದಾಗಿ ತುಂಬುತ್ತಾಳೆ. ಶುಕ್ರವಾರ ಅಪ್ಪಯ್ಯನನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದಿದೆ. ಸಾಕ್ಷಿಗೆ ಪಕ್ಕದ ಮನೆಯ ಇಬ್ಬರು ಹುಡುಗರು ಒಪ್ಪಿದ್ದಾರೆ. ಇಬ್ಬರಿಗೂ ಮೂವತ್ತು ದಾಟಿಲ್ಲ.

ಶರಾವತಿ ಸೆರಗು, ಹೊನ್ನಾವರ

ಮದುವೆ ದಿನ ಹೇಳು ತಮ್ಮಾ, ನಾನು ಬರುತ್ತೇನೆ. ಆ ಪಟ್ಟಿಯಲ್ಲಿ ಓದಲಾಗದ ಹಾಡು ಇದ್ದರೆ ಮಾಣಿಗೆ ನಾನು ಹೇಳಿಕೊಡುತ್ತೇನೆ.